ಅಳಿಸಿ ಹಾಕಿದ ಕನ್ನಡಕ

ಹಕ್ಕಿ ನೋಡುವ ಹುಚ್ಚು ನನಗೆ ಹತ್ತಿದ್ದು ತವರಿನಲ್ಲಿ, ನಂಜನಗೂಡಿನ ಕಪಿಲಾ ದಂಡೆಯ ಮೇಲೆ. ತೊಂಬತ್ತರ ದಶಕದ ಮಾತು. ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ, ಹೆಸರು ಗೊತ್ತಿಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕುತ್ತಿದ್ದೆ. ಯಾರನ್ನು ಕೇಳಿದರೂ "ಯಾವುದೋ ಒಂದು ಗುಬ್ಬಿ ಬಿಡೇ, ಹೋಗಿ ಓದ್ಕೋ" ಅನ್ನುವುದೇ ಉತ್ತರ. ಮದುವೆಯಾಗಿ ಸೋಸಲೆಗೆ ಬಂದಾಗ ಸೀರೆಗಳ ಮಧ್ಯೆ ಆ ನೋಟ್‌ಬುಕ್ಕೂ ಬಂತು. ಅದರಲ್ಲಿ ಹಕ್ಕಿಗಿಂತ ಪ್ರಶ್ನೆ ಚಿಹ್ನೆಗಳೇ ಜಾಸ್ತಿ ಇದ್ದವು.

ಎರಡು ಸಾವಿರದ ಈಚೆಗೆ ಟಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಶುರುವಾಯಿತು. ನಾನು ಟೀಚರಾಗಿದ್ದ ಸ್ಕೂಲಿಗೂ ಬಸ್‌ಸ್ಟ್ಯಾಂಡಿಗೂ ನಡುವೆ ಅದು. ಹಕ್ಕಿ ನೋಡುವವರದೇ ಒಂದು ಈಮೇಲ್ ಗುಂಪು ಇದೆ ಅಂತ ಯಾರೋ ಹೇಳಿದರು, ಸೇರಿಕೊಂಡೆ. ಅಯ್ಯೋ, ಆ ಖುಷಿಯನ್ನು ಏನಂತ ಹೇಳಲಿ! ನನ್ನಂಥ ಹುಚ್ಚರು ನೂರಾರು ಜನ ಇದ್ದರು. ಸ್ಕೂಲಿನ ಕೊನೇ ಬೆಲ್ಲು ಹೊಡೆದರೆ ಮಕ್ಕಳಿಗಿಂತ ಮುಂಚೆ ನಾನೇ ಗೇಟಿನ ಹೊರಗಿರುತ್ತಿದ್ದೆ.

ಮೊದಲ ದಿನವೇ ಉತ್ಸಾಹ ತಡೆಯಲಾರದೆ ಒಂದು ಪ್ರಶ್ನೆ ಹಾಕಿದೆ. "ಕಂದು ಬಣ್ಣದ ಚಿಕ್ಕ ಹಕ್ಕಿ. ತುಂಬಾ ಮುದ್ದಾಗಿತ್ತು. ಯಾವುದು ಹೇಳಿ." ಗುಂಪು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು, ನಾನು ಮನಸ್ಸಿನಲ್ಲೇ ಅವರನ್ನು ಹೆಡ್‌ಮಾಸ್ಟ್ರು ಅನ್ನುತ್ತಿದ್ದೆ. ಅವರು ಇಂಗ್ಲಿಷಿನಲ್ಲಿ ಬರೆದ ಉತ್ತರದ ಸಾರಾಂಶ ಇಷ್ಟೇ: "ಮುದ್ದು ಅನ್ನುವುದು ಗುರುತಲ್ಲಮ್ಮ. ನಿಯಮ ಓದಿ." ಮೈಯೆಲ್ಲ ಉರಿದುಹೋಯಿತು. ನಾನು ನಲವತ್ತು ಮಕ್ಕಳಿಗೆ ನಿಯಮ ಹೇಳುವವಳು!

ಆದರೂ ಓದಿದೆ. ಗುರುತು ಕೇಳುವ ಕಾಗದಕ್ಕೆ, ಅಂದರೆ ಈಮೇಲಿಗೆ, ತಲೆಬರಹದಲ್ಲೇ 'ಗುರುತು ಬೇಕು' ಅಂತಿರಬೇಕು, ಪಕ್ಕದಲ್ಲಿ ಊರು, ದಿನ. ಒಂದು ಕಾಗದಕ್ಕೆ ಒಂದೇ ಹಕ್ಕಿ. ಗಾತ್ರ ಹೇಳಬೇಕಾದರೆ ಇಂಚು ಗಿಂಚು ಬೇಡ, ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ ಹೇಳಿ. ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನು ಬರೆಯಬೇಡಿ. ಗೂಡೋ ಮರಿಯೋ ಇದ್ದರೆ ಊರ ಹೆಸರಿಗಿಂತ ಹೆಚ್ಚು ಜಾಗದ ಗುರುತು ಕೊಡಬೇಡಿ, ಹಿಡಿಯುವವರೂ ಓದುತ್ತಾರೆ. ಉತ್ತರ ಹೇಳುವವರಿಗೂ ಲಗಾಮಿತ್ತು: ಹೆಸರು ಎಸೆದು ಹೋಗುವ ಹಾಗಿಲ್ಲ, ಯಾವ ಗುರುತಿನಿಂದ ಅಂತ ಹೇಳಲೇಬೇಕು. ಕೊನೆಗೆ, ಪ್ರಶ್ನೆ ಕೇಳಿದವರೇ ಏಳು ದಿನದೊಳಗೆ ಒಂದು ಮುಗಿಸುವ ಕಾಗದ ಬರೆಯಬೇಕು: ಯಾವ ಹಕ್ಕಿ, ಯಾವುದರಿಂದ ತಿಳಿಯಿತು, ನೋಡಿದವರು ಯಾರು. ಬರೆಯದಿದ್ದರೆ ಅದು 'ಗುರುತಾಗದ್ದು' ಅನ್ನುವ ಪಟ್ಟಿಗೆ ಹೋಗಿ ಬೀಳುತ್ತಿತ್ತು. ಆ ಪಟ್ಟಿಗೆ ಬಿದ್ದದ್ದು ಮೇಲೆ ಬಂದದ್ದನ್ನು ನಾನಂತೂ ನೋಡಲಿಲ್ಲ.

ಆ ವರ್ಷ ಗುಂಪಿನವರು ಇನ್ನೊಂದು ಪಟ್ಟಿ ಮಾಡುತ್ತಿದ್ದರು. ಕಾವೇರಿ, ಕಪಿಲಾ ಬಯಲಿನ ಗದ್ದೆಗಳಲ್ಲಿ ಮರಿ ಮಾಡುವ ಹಕ್ಕಿಗಳ ಪಟ್ಟಿ. ಅದರಲ್ಲಿ ನಮ್ಮೂರ ಹೆಸರಿನ ಒಂದೇ ಒಂದು ಸಾಲು ಇರಲಿ ಅಂತ ನನಗೆ ಆಸೆ. ಆಸೆ ಏನು ಬಂತು, ಹಠ.

ಒಂದು ಸೋಮವಾರ ಸಂಜೆ ನಮ್ಮತ್ತೆ ಗದ್ದೆಯಲ್ಲಿ ಕಳೆ ಕಿತ್ತು ಬಂದು, ಕಾಲು ತೊಳೆಯುತ್ತಾ ಹೇಳಿದರು: "ಇವತ್ತು ಒಂದು ಹೊಸ ಥರದ್ದು ಕಂಡೆ ಕಣವ್ವ. ಕನ್ನಡಕ ಆಕ್ಕಂಡಿತ್ತು. ಇಂದೆ ನಾಕು ಮರಿ."

ನನ್ನ ಕೈಲಿದ್ದ ಮಗುವನ್ನು ಗಂಡನ ತೊಡೆ ಮೇಲೆ ಹಾಕಿ ಓಡಿಬಂದೆ. ಮರಿ! ಗದ್ದೇಲಿ ಮರಿ! "ಎಷ್ಟು ದೊಡ್ಡದು ಅತ್ತೆ? ಕೊಕ್ಕು? ಕಾಲು ಯಾವ ಬಣ್ಣ?" ಅಂತ ಒಂದೇ ಉಸಿರಿಗೆ ಕೇಳಿದೆ. "ಗೊರವಂಕಕ್ಕಿಂತ ಒಂಚೂರು ದಪ್ಪ. ಕೊಕ್ಕು ಉದ್ದ. ಕಾಲು ಕಪ್ಪು" ಅಂದರು. ಗೊರವಂಕ ಅಂದರೆ ಮೈನಾನೇ. ಮಾರನೇ ದಿನ ಬೆಳಗಾಗುತ್ತಲೇ ಗದ್ದೆಗೆ ಹೋದೆ, ಒಂದು ಗಂಟೆ ಬದುವಿನ ಮೇಲೆ ಕೂತೆ. ಕೊಕ್ಕರೆ ಬಿಟ್ಟರೆ ಏನೂ ಕಾಣಲಿಲ್ಲ. ಸ್ಕೂಲಿಗೆ ಲೇಟಾಯಿತು, ಅಷ್ಟೆ.

ಅವತ್ತು ಸಂಜೆ ಸೈಬರ್ ಸೆಂಟರಿನಲ್ಲಿ ಕೂತು ಕಾಗದ ಬರೆದೆ. "ನಿನ್ನೆ ನಮ್ಮ ಗದ್ದೆಯಲ್ಲಿ ನಾನು ಒಂದು ಹಕ್ಕಿ ನೋಡಿದೆ. ಮೈನಾಗಿಂತ ಸ್ವಲ್ಪ ದೊಡ್ಡದು. ಉದ್ದ ಕೊಕ್ಕು. ಕಪ್ಪು ಕಾಲು. ತಾಯಿ ಹಕ್ಕಿಯ ಹಿಂದೆ ನಾಲ್ಕು ಮರಿ." ಕನ್ನಡಕ ಹಾಕಿಕೊಂಡಿತ್ತು ಅಂತಲೂ ಮೊದಲು ಟೈಪ್ ಮಾಡಿದ್ದೆ. ಓದಿ ನೋಡಿದರೆ ನಾಚಿಕೆಯಾಯಿತು. ಮುದ್ದಾಗಿತ್ತು ಅಂದದ್ದಕ್ಕೇ ಮಂಗಳಾರತಿ ಆಗಿತ್ತು, ಇನ್ನು ಕನ್ನಡಕ ಅಂದರೆ ಬಿಡುತ್ತಾರಾ? ಅಳಿಸಿ ಹಾಕಿದೆ. 'ನಾನು ನೋಡಿದೆ' ಅಂತ ಬರೆದದ್ದು ಸುಳ್ಳು ಅಂತಲೂ ಗೊತ್ತಿತ್ತು. ಕಳೆ ಕೀಳುವ ಹೆಂಗಸು ಹೇಳಿದಳು ಅಂದರೆ ಈ ಇಂಗ್ಲಿಷ್ ಮಂದಿ ನಂಬೋದಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಉತ್ತರಗಳು ಬಂದವು ನೋಡಿ! ಬುಧವಾರ ಮೂರು, ಗುರುವಾರ ಆರು. ಒಬ್ಬರು ಒಂದು ಹೆಸರು ಹೇಳಿದರೆ, ಇನ್ನೊಬ್ಬರು "ಅದು ಚಳಿಗಾಲಕ್ಕೆ ಬಂದು ಹೋಗುವ ಹಕ್ಕಿ, ಇಲ್ಲಿ ಮರಿ ಮಾಡಲ್ಲ" ಅಂತ ಹೊಡೆದುಹಾಕಿದರು. ಮತ್ತೊಬ್ಬರು "ಕಪ್ಪು ಕಾಲು ಅಂದಮೇಲೆ ನನ್ನ ಲೆಕ್ಕಕ್ಕೆ ಯಾವುದೂ ಕೂರ್ತಿಲ್ಲ" ಅಂತ ಕೈ ಚೆಲ್ಲಿದರು. ನನ್ನ ಹಕ್ಕಿಗೋಸ್ಕರ ಇಷ್ಟು ಜನ ಜಗಳವಾಡುತ್ತಿದ್ದಾರಲ್ಲ ಅಂತ ನನಗೆ ಒಳಗೊಳಗೇ ಹಿಗ್ಗು. ಗಂಡನಿಗೆ ಅದನ್ನೇ ಹೇಳಿ ಹೇಳಿ ತಲೆ ತಿಂದೆ.

ಶನಿವಾರ ಹೆಡ್‌ಮಾಸ್ಟ್ರ ಕಾಗದ ಬಂತು. "ನಿಮ್ಮ ವಿವರದಲ್ಲಿ ಹಕ್ಕಿ ಏನು ಮಾಡಿತು ಅನ್ನುವುದೇ ಇಲ್ಲ. ಹತ್ತಿರ ಹೋದಾಗ ಹಾರಿತೋ, ಕೂತಿತೋ? ಮುಖದಲ್ಲಿ ಏನಾದರೂ ಗುರುತಿತ್ತೋ? ನೋಡಿದ್ದು ನೀವೇ ತಾನೆ? ಸೋಮವಾರಕ್ಕೆ ಏಳು ದಿನ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಗತಿ. ಏನೋ ಒಂದು ಕಟ್ಟಿ ಬರೆಯಬಹುದಿತ್ತು. ಬರೆದಿದ್ದರೆ ಪಟ್ಟಿಯಲ್ಲಿ ಸುಳ್ಳು ಹಕ್ಕಿ ಕೂರುತ್ತಿತ್ತು, ಬರೆಯದಿದ್ದರೆ ನಮ್ಮ ಗದ್ದೆಯ ನಿಜವಾದ ಹಕ್ಕಿ 'ಗುರುತಾಗದ್ದು' ಆಗುತ್ತಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವಳು ನಾನು. ನೋಡಿದವರು ಮನೆಯಲ್ಲೇ ಇದ್ದಾರೆ, ನಾನು ಅವರನ್ನು ಒಂದು ನಿಮಿಷ ಕೂರಿಸಿ ಕೇಳಿರಲಿಲ್ಲ. ಒಂದೇ ಸಾಲು ಬರೆದೆ: "ನೋಡಿದ್ದು ನಾನಲ್ಲ, ನಮ್ಮತ್ತೆ. ಕ್ಷಮಿಸಿ. ನಾಳೆ ಅವರನ್ನೇ ಕರೆತರುತ್ತೇನೆ." ಕಳಿಸುವ ಬಟನ್ ಒತ್ತಿ, ಉತ್ತರ ಬರುವ ಮುಂಚೆ ಎದ್ದು ಬಂದುಬಿಟ್ಟೆ.

ಭಾನುವಾರ ಅತ್ತೆಯನ್ನು ಹೊರಡಿಸಿದೆ. "ಕಂಪ್ಯೂಟರ್ ತಾವ ನನ್ನದೇನವ್ವ ಕೆಲಸ?" ಅಂದರು, ಆದರೂ ಟ್ರಂಕಿನಿಂದ ಹಸಿರು ಸೀರೆ ತೆಗೆದರು. ಮಗನಿಗೆ "ಕೂಸು ಅತ್ತರೆ ಎತ್ಕೊಳ್ಲಾ, ಟಿವಿ ನೋಡ್ಕೊಂಡು ಕೂರಬ್ಯಾಡ" ಅಂತ ತಾಕೀತು ಮಾಡಿ ಬಸ್ಸು ಹತ್ತಿದರು.

ಗುಂಪು ಬೆಳಗಿನಿಂದಲೇ ಕಾದು ಕೂತಿತ್ತು. ನನ್ನ ತಪ್ಪಿನ ಬಗ್ಗೆ ಯಾರೂ ಒಂದಕ್ಷರ ಎತ್ತಿರಲಿಲ್ಲ. ಹೆಡ್‌ಮಾಸ್ಟ್ರು ಮಾತ್ರ ಬರೆದಿದ್ದರು: "ಅಮ್ಮನವರಿಗೆ ನಮಸ್ಕಾರ ಹೇಳಿ. ಅವರು ಹೇಳಿದ್ದನ್ನು ಹಾಗೇ ಬರೆಯಿರಿ. ತಿದ್ದಬೇಡಿ."

ತಿದ್ದಲಿಲ್ಲ. ಅತ್ತೆ ನನ್ನ ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಬಡಿಯುತ್ತಾ ಹೋದೆ. ಕಣ್ಣ ಸುತ್ತ ಬೆಳ್ಳಗೆ, ಕಿವಿ ಕಡೆಗೆ ಕಡ್ಡಿ ಎಳೆದಂಗೆ, ಥೇಟ್ ಕನ್ನಡಕ. ಎದೆ ಪಕ್ಕದಿಂದ ಹೆಗಲ ಮೇಲಕ್ಕೆ ಬಿಳೀ ಪಟ್ಟಿ. ಹತ್ತಿರ ಹೋದರೆ ಹಾರಲಿಲ್ಲ, ಮರಿಗಳನ್ನು ಹಿಂದಕ್ಕೆ ಹಾಕಿಕೊಂಡು ಎರಡೂ ರೆಕ್ಕೆ ಬಿಚ್ಚಿ ಬುಸ್ ಅಂತು. ರೆಕ್ಕೆ ತುಂಬಾ ಚಿನ್ನದ ಬಣ್ಣದ ಚುಕ್ಕಿ.

"ಕಾಲು ಕಪ್ಪು ಅಂದ್ರಲ್ಲ ಅತ್ತೆ, ಅದೊಂದು ಯಾರಿಗೂ ಒಪ್ತಿಲ್ಲ."

ಅತ್ತೆ ಗೊಳ್ಳೆಂದು ನಕ್ಕರು. "ಅಯ್ಯೋ ನಿನ್ನ! ಕೆಸರು ಕಣವ್ವ. ಕಳೆ ಕಿತ್ತು ಬಂದಾಗ ನನ್ನ ಕಾಲು ಯಾವ ಬಣ್ಣ ಇರ್ತದೆ, ಯೋಳು ನೋಡವ."

ಸೈಬರ್ ಸೆಂಟರಿನ ಯಜಮಾನರು ತಮ್ಮ ಕೆಲಸ ಬಿಟ್ಟು ನಮ್ಮ ಬೆನ್ನ ಹಿಂದೆ ನಿಂತಿದ್ದರು. ಕಾಗದ ಕಳಿಸಿದೆ. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಉತ್ತರಗಳು ಒಂದರ ಮೇಲೊಂದು ಬಿದ್ದವು. "ಪೇಂಟೆಡ್ ಸ್ನೈಪ್! ಕಣ್ಣಿನ ಗುರುತೊಂದೇ ಸಾಕು!" "ಹೆಗಲ ಪಟ್ಟಿಯೂ ಸೇರಿತು, ಅನುಮಾನವೇ ಇಲ್ಲ!" ಒಬ್ಬರಂತೂ ಬರೀ ಆಶ್ಚರ್ಯ ಚಿಹ್ನೆಗಳನ್ನೇ ಒಂದು ಸಾಲು ಕಳಿಸಿದ್ದರು. ಕೊನೆಗೆ ಹೆಡ್‌ಮಾಸ್ಟ್ರು ಇನ್ನೊಂದು ಕೇಳಿದರು: "ಮೊದಲ ಕಾಗದದಲ್ಲಿ ತಾಯಿ ಹಕ್ಕಿ ಅಂತಿದೆ. ಅಮ್ಮನವರು ಹಾಗಂದರಾ?"

"ನಾನೆಲ್ಲಿ ತಾಯಿ ಅಂದೆ? ಇದಕ್ಕಿಂತ ಬಣ್ಣದ್ದು ಇನ್ನೊಂದಿತ್ತು, ಕತ್ತೆಲ್ಲ ಕೆಂಪಗೆ. ಅದು ಮರಿ ಕಡೆ ತಿರುಗೂ ನೋಡ್ದೆ ಬದು ದಾಟಿ ಓಯ್ತು" ಅಂದರು ಅತ್ತೆ.

ಅದನ್ನೂ ಬರೆದೆ. ಉತ್ತರ ಬಂತು: ಈ ಹಕ್ಕಿಯಲ್ಲಿ ಬಣ್ಣದ್ದೇ ಹೆಣ್ಣು, ಮೊಟ್ಟೆ ಇಟ್ಟು ಹೋಗಿಬಿಡುತ್ತದೆ, ಕಾವು ಕೂತು ಮರಿ ಸಾಕುವುದು ಗಂಡು. ತಾಯಿ ಅಂತ ಬರೆದದ್ದು ನಾನು. ಕಂಡದ್ದಲ್ಲ, ಅಂದುಕೊಂಡದ್ದು. ಅತ್ತೆಗೆ ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಮೊದಲು ಓಗಿ ನನ್ನ ಮಗನಿಗೆ ಇದನ್ನ ಯೋಳ್ಬೇಕು" ಅಂದರು.

ಮುಗಿಸುವ ಕಾಗದವನ್ನು ಅಲ್ಲೇ ಬರೆದೆ. ಹಕ್ಕಿಯ ಹೆಸರು, ಗುರುತು, ಊರು. 'ನೋಡಿದವರು' ಅನ್ನುವ ಕಡೆ ಅತ್ತೆಯ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಯಜಮಾನರು ಅದನ್ನು ಪ್ರಿಂಟ್ ತೆಗೆದುಕೊಟ್ಟರು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಹಾಳೆಯನ್ನು ಮಡಿಲಲ್ಲಿ ಹರವಿಕೊಂಡು "ನನ್ನ ಎಸರು ಎಲ್ಲೈತೆ?" ಅಂದರು. ಬೆರಳಿಟ್ಟು ತೋರಿಸಿದೆ. ಸುಮಾರು ಹೊತ್ತು ಅದನ್ನೇ ನೋಡಿದರು.

"ಮೊದಲನೇ ಕಾಗ್ದದಲ್ಲಿ ಯಾರ ಎಸರಿತ್ತು?"

"ನಂದು ಅತ್ತೆ" ಅಂದೆ. "ನೀವು ಅಂದರೆ ಅವರು ನಂಬಲ್ಲವೇನೋ ಅಂತ..."

ಅತ್ತೆ ಕೋಪ ಮಾಡಿಕೊಳ್ಳಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು.

"ಅವರು ಕೇಳಿದ ತಕ್ಷಣ ನಂಬುದ್ರಲ್ಲವ್ವ" ಅಂದರು. "ನಂಬದೆ ಇದ್ದೋಳು ನೀನೊಬ್ಬಳೇ."