ತುಳಸಿ ಕುಂಡದ ಕೆಳಗಿನ ಹಲಗೆ

ಬಾಗಲಕೋಟೆಯ ಮನೆಯಲ್ಲಿ ವೇಣಕ್ಕ ಐವತ್ತು ವರ್ಷ ಶಹಾಬಾದಿ ಕಲ್ಲಿನ ನೆಲಕ್ಕೆ ಕೊಡಗಟ್ಟಲೆ ನೀರು ಸುರಿದು ತಿಕ್ಕಿದವಳು. ಪರದೇಶದ ಬೆಸ್ಟ್ ಎಂಬ ಊರಿನಲ್ಲಿರುವ ಮಗ ಶ್ರೀಕರನ ಮನೆಯಲ್ಲಿ ಓಕ್ ಮರದ ಹಲಗೆಯ ನೆಲ. ನೀರು ನಿಂತರೆ ಮರ ಉಬ್ಬುತ್ತದೆ, ಗಟ್ಟಿ ಹಿಂಡಿದ ಬಟ್ಟೆಯಿಂದ ಮಾತ್ರ ಒರೆಸಬೇಕು ಎಂದು ಆತ ತಾಯಿ ಬಂದ ದಿನವೇ ಹೇಳಿದ್ದ. ನೀರು ಕಾಣದ ನೆಲ ಮಡಿ ಹೇಗಾದೀತು ಎಂದು ವೇಣಕ್ಕನಿಗೆ ಹೇಸಿಕೆ. ಆದರೂ ಮಾತು ಮೀರಲಿಲ್ಲ.

ಸಂಕ್ರಾಂತಿ ಮುಗಿಸಿಕೊಂಡು ಬಂದವಳು ಯುಗಾದಿ ಮಾಡಿ ವಾಪಸು ಹೋಗುವವಳಿದ್ದಳು. ಮಾಘ ಮಾಸದಲ್ಲಿ ತೋಟದ ಬಾಗಿಲಿನ ಮೂಲೆಯಿಂದ ವಾಸನೆ ಶುರುವಾಯಿತು. ಹುಳಿತ ಹಿಟ್ಟಿನಂಥ, ಮೋರಿಯಂಥ ವಾಸನೆ. ಚಳಿಗೆ ಕಿಟಕಿ ತೆರೆಯುವ ಹಾಗಿಲ್ಲ. ಹೀಟರಿನ ಕಾವಿಗೆ ಅದು ಮನೆಯೆಲ್ಲ ಹರಡಿ ಅನ್ನದ ತಟ್ಟೆಯವರೆಗೂ ಬರುತ್ತಿತ್ತು.

ಯಾರ ಕೆಲಸವೆಂದು ವೇಣಕ್ಕ ಬಹಳ ಹುಡುಕಲಿಲ್ಲ. ಪಕ್ಕದ ಮನೆಯ ಮುದುಕಿ ಟ್ರೂಸ್ ದಿನಾ ಮಧ್ಯಾಹ್ನ ವೇಣಕ್ಕನ ಮೊಮ್ಮಗಳು ಹಿತಾಳನ್ನು ಶಾಲೆಯಿಂದ ಕರೆತಂದು, ಸೊಸೆ ಶೀತಲ್ ಆಫೀಸಿನಿಂದ ಬರುವ ತನಕ ಇವರ ಮನೆಯಲ್ಲೇ ಕೂತಿರುತ್ತಿದ್ದಳು. ಜೊತೆಗೆ ಆಕೆಯ ಮುದಿ ನಾಯಿ ಪಿಮ್. ಕೆಸರುಗಾಲಲ್ಲಿ ಬಂದು ಸರಿಯಾಗಿ ಆ ಮೂಲೆಯಲ್ಲೇ, ಹೀಟರಿಗೆ ಬೆನ್ನು ಕೊಟ್ಟು ಮಲಗುತ್ತಿತ್ತು.

"ವಯಸ್ಸಾದ ನಾಯಿ, ತಡಕೊಳ್ಳೂದು ಆಗಂಗಿಲ್ಲ ಅದಕ್ಕ. ನಮ್ಮ ಮನೀನ ಮೋರಿ ಮಾಡ್ಕೊಂಡದ. ಅದು ಬರೂದಿದ್ರ ನಾ ಇಲ್ಲೆ ಉಣ್ಣಂಗಿಲ್ಲ," ಎಂದು ಮಗನಿಗೆ ಹೇಳಿಬಿಟ್ಟಳು.

ಶ್ರೀಕರ ಮುಖ ಸಣ್ಣದು ಮಾಡಿಕೊಂಡು ಹೋಗಿ ಟ್ರೂಸ್‌ಗೆ ತಿಳಿಸಿದ. ಆಕೆ ಮರುದಿನದಿಂದ ಹಿತಾಳನ್ನು ತನ್ನ ಮನೆಯಲ್ಲೇ ಕೂರಿಸಿಕೊಂಡಳು. ಈ ಹೊಸ್ತಿಲು ತುಳಿಯಲಿಲ್ಲ.

ಅಂದಿನಿಂದ ಹಿತಾ ಅಜ್ಜಿಯ ಜೊತೆ ಮಾತು ಬಿಟ್ಟಳು. ಕೈತುತ್ತಿಗಾಗಿ ತೊಡೆಗೆ ಅಂಟಿಕೊಂಡು ಕೂರುತ್ತಿದ್ದ ಎಂಟು ವರ್ಷದ ಹುಡುಗಿ ಕುರ್ಚಿಯನ್ನು ಮೇಜಿನ ಆ ತುದಿಗೆ ಎಳೆದುಕೊಂಡಳು. "ಪಿಮ್ ಹಂಗ ಮಾಡಂಗಿಲ್ಲ," ಎಂದದ್ದೇ ಕೊನೆಯ ಮಾತು. ಬರುವ ವಾರ ವಿಮಾನ. ಮಗು ಹೀಗೇ ಇದ್ದರೆ ಊರಿಗೆ ಏನು ಕಟ್ಟಿಕೊಂಡು ಹೋಗುವುದು ಎಂದು ವೇಣಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ. ನಾಯಿ ಹೋದರೂ ವಾಸನೆ ಮಾತ್ರ ಹೋಗಲಿಲ್ಲ. ಇಂಗಿದ ಉಚ್ಚೆ ಅಷ್ಟು ಸುಲಭಕ್ಕೆ ಹೋದೀತೇ ಎಂದುಕೊಂಡಳು.

ಯುಗಾದಿಯ ಹಿಂದಿನ ಶನಿವಾರ ಬಿಸಿಲು ಬಿತ್ತು. ಮಗ ಸೊಸೆ ಹಬ್ಬದ ಸಾಮಾನಿಗೆ ಹೋದರು. ಹಿತಾ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ವೇಣಕ್ಕ ತೋಟದ ಬಾಗಿಲು ತೆರೆದು, ಸೆರಗು ಸಿಕ್ಕಿಸಿ, ನೆಲಕ್ಕೆ ಕೂತಳು. ನಾಯಿಯ ಕಲೆ ಎಲ್ಲಿದೆಯೆಂದು ಇವತ್ತು ತೋರಿಸಿಯೇಬಿಡುವ ಹಟ.

ಮೊದಲು ಮೆದು ಪೊರಕೆಯಿಂದ ಮರಳು ಗುಡಿಸಿದಳು. ಮರಳಿದ್ದಾಗ ಒರೆಸಿದರೆ ಹಲಗೆಗೆ ಗೀರು ಬೀಳುತ್ತದೆ. ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ ಉಪ್ಪು ಬೂಟಿನ ಜೊತೆ ಒಳಗೆ ಬಂದು, ಒಣಗಿದ ಜೊಲ್ಲಿನ ಹಾಗೆ ಬಿಳಿ ಬಿಳಿ ಗುರುತು ಬಿಟ್ಟಿತ್ತು. ಹಲಗೆಗಳ ಸಂದಿಯಲ್ಲಿ ಮರದ ಕಡ್ಡಿ ಆಡಿಸಿದರೆ ಕೂದಲ ಉಂಡೆ, ಮಗ ಕತ್ತರಿಸಿ ಬಿಟ್ಟ ಉಗುರು. ಸೋಫಾದ ಕೆಳಗೆ, ಬ್ರೆಡ್ಡಿನ ಮೇಲೆ ಉದುರಿಸುವ ಚಾಕಲೇಟ್ ಕಾಳು ಕರಗಿ, ಕಾಲ್ಚೀಲದ ನೂಲು ಹಿಡಿದುಕೊಂಡು, ಇಲಿ ಹಿಕ್ಕೆಯಂತೆ ಅಂಟಿತ್ತು. ಎರಡೆರಡು ಡಿಗ್ರಿ ಓದಿದವರ ಮನೆ. ವೇಣಕ್ಕನಿಗೆ ಹೇಸಿಕೆಯಾಯಿತು. ಬಟ್ಟೆ ಹಿಂಡಿ ಹಿಂಡಿ, ಮರದ ಎಳೆ ಹೋದ ದಿಕ್ಕಿನಲ್ಲೇ ಒರೆಸುತ್ತ ಮೂಲೆಗೆ ಬಂದಳು.

ನಾಯಿ ಮಲಗುತ್ತಿದ್ದ ಜಾಗಕ್ಕೆ ಮೂಗು ತಂದಳು. ಬರೀ ಮರದ ವಾಸನೆ. ಕಲೆಯೂ ಇಲ್ಲ.

ಅದರ ಪಕ್ಕ ಉಳಿದದ್ದು ತುಳಸಿ. ಹೊರಗಿನ ಚಳಿಗೆ ಸಾಯುತ್ತದೆಂದು ಶೀತಲ್ ಕುಂಡವನ್ನು ಒಳಗಿಟ್ಟು ವಾರಕ್ಕೊಮ್ಮೆ ಅರ್ಧ ಲೋಟ ನೀರು ಹಾಕುತ್ತಿದ್ದಳು. ವೇಣಕ್ಕ ಬಂದ ಮೇಲೆ ದಿನಾ ಸ್ನಾನ ಮಾಡಿ ತುಂಬಿದ ತಂಬಿಗೆ ನೀರು, ಶುಕ್ರವಾರ ಹಾಲು. ನೆಲಕ್ಕೆ ನೀರು ತಾಗಬಾರದೆಂದು ತನ್ನ ಹಳೆಯ ಸೀರೆಯನ್ನು ಮಡಿಸಿ ಕುಂಡದಡಿ ತಾನೇ ಹಾಸಿದ್ದಳು. ಅದನ್ನು ಯಾರೂ ಮುಟ್ಟಕೂಡದೆಂದೂ ಹೇಳಿದ್ದಳು.

ಕುಂಡವನ್ನು ತಬ್ಬಿ ಸರಿಸಿದಳು. ಸೀರೆ ಎತ್ತಿದರೆ ಬರಲಿಲ್ಲ. ಎಳೆದಾಗ ಗಾಯದ ಪಟ್ಟಿ ಬಿಚ್ಚಿದ ಹಾಗೆ ಪಚಕ್ಕೆಂದು ಕಿತ್ತು ಬಂತು. ಕೆಳಗೆ ಹಲಗೆ ಕಾಡಿಗೆಗಪ್ಪು, ತುದಿ ಉಬ್ಬಿ ಮೇಲೆದ್ದಿದೆ. ಮೇಲೆ ಬೂದು ಬಣ್ಣದ ಬೂಷ್ಟು, ಅದರಲ್ಲಿ ಮಿಸುಕಾಡುವ ಬಿಳಿ ಹುಳ. ಎರಡು ತಿಂಗಳು ಸೀರೆ ಕುಡಿದು ಹಿಡಿದಿಟ್ಟುಕೊಂಡ ನೀರು, ಹಾಲು. ಅದೇ ವಾಸನೆ, ಈಗ ನೇರ ಗಂಟಲಿಗೆ. ವೇಣಕ್ಕ ಮೂಗು ಬಾಯಿಗೆ ಸೆರಗು ಒತ್ತಿದಳು. ಬೇರೆಯವರ ಕೊಳೆಗೆ ಬಂದ ಹೇಸಿಕೆ ಇದರ ಮುಂದೆ ಏನೂ ಅಲ್ಲ.

ಕುಂಡ ಮತ್ತೆ ಅಲ್ಲಿಗೇ ಸರಿಸಬಹುದಿತ್ತು. ವಾರ ಕಳೆದರೆ ತಾನು ಇರುವುದಿಲ್ಲ. ಕೈ ಕುಂಡದ ಅಂಚಿಗೂ ಹೋಯಿತು. ಆದರೆ ಮೆಟ್ಟಿಲ ಮೇಲಿನ ಹುಡುಗಿ ಇತ್ತಲೇ ನೋಡುತ್ತಿದ್ದಳು.

"ಹಿತಾ, ಇಲ್ಲೆ ಬಾ. ನೋಡು. ಇದು ಪಿಮ್ ಅಲ್ಲ, ನಿಮ್ಮಜ್ಜಿ ಮಾಡಿದ್ದು."

ಹುಡುಗಿ ಬಂದು ಬಗ್ಗಿ ನೋಡಿ ಮೂಗು ಹಿಡಿದಳು.

"ಹೋಗು, ಆ ಟ್ರೂಸ್‌ಬಾಯೀನ್ನ ಕರಕೊಂಡು ಬಾ. ನಾಯೀನೂ ಬರಲಿ. ಅದರ ಮ್ಯಾಲೆ ಹೊರಿಸಿದ್ದನ್ನ ಅದರ ಮುಂದನ ಇಳಸ್ಬೇಕು."

ಟ್ರೂಸ್ ಬಂದಳು. ವೇಣಕ್ಕ ಕೈಮುಗಿದು ಹಲಗೆ ತೋರಿಸಿದಳು. ಹೇಳಲು ಭಾಷೆ ಇರಲಿಲ್ಲ. ಆಕೆ ಮಂಡಿಯೂರಿ, ಉಗುರಿನಿಂದ ಮರ ಕೆರೆದು ನೋಡಿ, ಹಿತಾಳ ಬಾಯಲ್ಲಿ ಹೇಳಿಸಿದಳು: ಚೆನ್ನಾಗಿ ಒಣಗಲಿ, ಆಮೇಲೆ ಎಳೆಯ ದಿಕ್ಕಿಗೆ ಮರಳುಕಾಗದದಿಂದ ಉಜ್ಜಿ ಎಣ್ಣೆ ಕುಡಿಸೋಣ; ಕಪ್ಪು ಪೂರ್ತಿ ಹೋಗುವುದಿಲ್ಲ.

ಅಷ್ಟರಲ್ಲಿ ಪಿಮ್ ತನ್ನ ಹಳೆಯ ಜಾಗಕ್ಕೆ ಬಂತು. ಕಪ್ಪು ಹಲಗೆಗೆ ಮೂಗು ಚಾಚಿ, ಎರಡು ಸಲ ಸೀನಿ, ಟ್ರೂಸ್‌ಳ ಕಾಲಿನ ಹಿಂದೆ ಹೋಗಿ ನಿಂತುಕೊಂಡಿತು. ಹಿತಾ ಕಿಸಕ್ಕನೆ ನಕ್ಕಳು.

"ಅಜ್ಜಿ, ಪಿಮ್‌ಗೂ ಛೀ ಅನಸ್ತು."

"ಅನಸ್ದ ಏನ್ ಮಾಡ್ತದ," ಎಂದಳು ವೇಣಕ್ಕ.

ಹುಡುಗಿ ಅಜ್ಜಿಯ ಹತ್ತಿರ ಬಂದು ಕೇಳಿದಳು: "ಮಧ್ಯಾಹ್ನ ತುತ್ತು ಮಾಡಿ ಕೊಡ್ತೀ?"

ವೇಣಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಉಗುರಿನ ಸಂದಿಗೆಲ್ಲ ಆ ಕಪ್ಪು ಲೋಳೆ.

"ಕೊಡ್ತೀನಿ. ಮೊದಲ ಈ ಕೈ ತಿಕ್ಕಿ ತೊಳಕೊಳ್ತೀನಿ ತಡಿ. ಇದರಾಗ ನಾನೂ ಉಣ್ಣಂಗಿಲ್ಲ."