ಕಂಠಮಟ ತುಂಬಿದ ಡಬ್ಬಿ

ನರೇಗಲ್ಲಿನ ದ್ಯಾಮಪ್ಪನ ಗಾಣಕ್ಕೆ ಎಣ್ಣೆ ಕೊಳ್ಳಲು ಯಾರೇ ಬರಲಿ, ಗೋಡೆಯ ಮೇಲಿನ ಗಾಜಿನ ಕಟ್ಟು ಹಾಕಿಸಿದ ಹಾಳೆಯನ್ನು ನೋಡದೆ ಹೋಗುವಂತಿರಲಿಲ್ಲ. ಅದು ರಸಾಯನಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಇಂಗ್ಲಿಷ್ ಲೇಖನದ ಕೊನೆಯ ಪುಟ. ದ್ಯಾಮಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ಕೃತಜ್ಞತೆಯ ಸಾಲಿನಲ್ಲಿ ತನ್ನ ಹೆಸರು ಎಲ್ಲಿದೆ ಎಂಬುದು ಗೊತ್ತಿತ್ತು. ಕಟ್ಟು ಹಾಕಿಸುವ ಮೊದಲು ಅದರ ಕೆಳಗೆ ಅರಿಷಿಣದ ಗೆರೆಯೊಂದನ್ನು ಎಳೆದಿದ್ದ. ನಮ್ಮ ಗೌಸುಸಾಬನ ಮಗಳು ಬರೆದದ್ದು, ಲೋಕದ ಸಾಯನ್ಸಿನವರೆಲ್ಲ ನಮ್ಮ ಗಾಣದ ಹೆಸರು ಓದುತ್ತಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಅಳತೆಯ ಪಾವಿನಲ್ಲಿ ಎಣ್ಣೆ ತುಸು ಹೆಚ್ಚೇ ಬೀಳುತ್ತಿತ್ತು.

ಗೌಸುಸಾಬನ ಆ ಮಗಳ ಹೆಸರು ಇಷ್ರತ. ಗಜೇಂದ್ರಗಡದ ಕೈಮಗ್ಗದ ಮನೆಯಲ್ಲಿ ಹುಟ್ಟಿದವಳು. ಎಂ.ಎಸ್ಸಿ. ಮುಗಿಸಿ ರೋಣದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ರಜೆಯ ದಿನಗಳಲ್ಲಿ ನರಗುಂದಕ್ಕೆ ಹೋಗಿ ಗುರುಪಾದ ಸರ್ ಅವರ ಕೈಕೆಳಗೆ ಡಾಕ್ಟರೇಟಿಗಾಗಿ ಸಂಶೋಧನೆ ಮಾಡುತ್ತಿದ್ದಳು. ಎಳೆ ಕಡಿದರೆ ಗಂಟು ಹಾಕದೆ ಲಾಳಿ ಮುಂದೆ ಎಸೆಯಬಾರದು ಎಂಬುದು ಅಪ್ಪನ ಮಗ್ಗದ ಕಟ್ಟಳೆ. ಮಗಳು ಅದನ್ನು ಗಾಜಿನ ನಳಿಗೆಗಳ ನಡುವೆಯೂ ಪಾಲಿಸುತ್ತಿದ್ದಳು. ಬ್ಯುರೆಟ್ಟಿನ ಅಂಕಿಯನ್ನು ಎರಡು ಸಲ ಓದುವಳು. ಬಳಸಿದ ಪ್ರತಿಯೊಂದು ವಸ್ತುವಿನ ಸ್ವಲ್ಪ ಪಾಲನ್ನು ಸೀಸೆಗೆ ಹಾಕಿ, ಚೀಟಿ ಅಂಟಿಸಿ, ಕಪಾಟಿನ ಕತ್ತಲೆಯಲ್ಲಿ ಇಡುವಳು.

ಅವಳ ಕೆಲಸ ಕುಸುಬಿ ಎಣ್ಣೆಯದು. ರೋಣ ಸೀಮೆಯ ಎರೆ ಹೊಲದಲ್ಲಿ ಮಳೆ ಇಲ್ಲದಿದ್ದರೂ ಮುಳ್ಳು ಹೊತ್ತು ನಿಲ್ಲುವ ಬೆಳೆ ಅದು. ಎಣ್ಣೆಯ ಅಣುವಿನಲ್ಲಿ ಉದ್ದನೆಯ ಎಳೆಗಳಿರುತ್ತವೆ. ಕುಸುಬಿಯ ಬಹುಪಾಲು ಎಳೆಗಳಿಗೆ ಎರಡೆರಡು ಕೈ ಎಂದುಕೊಳ್ಳಬಹುದು. ಆ ಕೈಗಳನ್ನು ಆಮ್ಲಜನಕದಿಂದ ಎಚ್ಚರಿಸಿದರೆ ಅಣು ಮೊನೊಮರ್ ಆಗುತ್ತದೆ, ಅಂದರೆ ಇನ್ನೊಂದು ಅಣುವಿನ ಕೈ ಹಿಡಿಯಲು ಸಿದ್ಧವಾಗುತ್ತದೆ. ಹಿಡಿದದ್ದೆಲ್ಲ ಸೇರಿ ಬಲೆಯಾದರೆ ಅದೇ ಪಾಲಿಮರ್. ಪೆಟ್ರೋಲಿಯಂ ಮುಟ್ಟದೆ, ನಮ್ಮ ಹೊಲದ ಬೆಳೆಯಿಂದಲೇ ಕಟ್ಟಿಗೆಗೆ, ಕಬ್ಬಿಣಕ್ಕೆ ಬಳಿಯುವ ಗಟ್ಟಿ ಲೇಪ ಮಾಡಬೇಕು ಎಂಬುದು ಅವಳ ಹಂಬಲ.

ಎಣ್ಣೆ ದ್ಯಾಮಪ್ಪನದೇ. ಗೌಸುಸಾಬನೂ ಅವನೂ ಹರೆಯದಿಂದ ಗೆಳೆಯರು. ಇಷ್ರತ ಡಬ್ಬಿ ಹಿಡಿದು ಬಸ್ಸಿನಿಂದ ಇಳಿದರೆ ದ್ಯಾಮಪ್ಪನ ಹೆಂಡತಿ ಕಲ್ಲವ್ವ ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಎಂ.ಎಸ್ಸಿ. ಪಾಸಾದಾಗ ಮನೆ ಮಗಳೆಂದು ಕುಬಸದ ಖಣ ಕೊಟ್ಟಿದ್ದಳು. ದ್ಯಾಮಪ್ಪ ಅವಳನ್ನು ಕರೆಯುತ್ತಿದ್ದುದೇ 'ಯವ್ವಾ' ಎಂದು, ಅವಳು ಅವನನ್ನು 'ಕಾಕಾ' ಎಂದು.

ಮೊದಲ ಡಬ್ಬಿಯ ಎಣ್ಣೆಯನ್ನು ಅವಳು ವಿಧಿಪ್ರಕಾರ ಪರೀಕ್ಷಿಸಿದಳು. ಎಣ್ಣೆಗೆ ಎಷ್ಟು ಕೈಗಳಿವೆ ಎಂದು ಹೇಳುವ ಅಯೋಡಿನ್ ಮೌಲ್ಯ ನೂರಾ ನಲವತ್ತಮೂರು ಬಂತು. ಕುಸುಬಿಗೆ ಅದು ಸರಿಯಾದ ಅಂಕಿ. ಆದರೆ ಅದರ ಲೇಪ ಗಟ್ಟಿಯಾಗಲಿಲ್ಲ; ಬೆರಳಿಟ್ಟರೆ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಅದೇ ಹೊತ್ತಿಗೆ ಡಬ್ಬಿ ಬರಿದಾಯಿತು. ಎರಡನೆಯ ಡಬ್ಬಿ ತಂದಳು, ಜೊತೆಗೆ ಒಲೆಯ ಉಷ್ಣವನ್ನೂ ಏರಿಸಿದಳು. ಲೇಪ ಗಾಜಿನಂತೆ ಬಿಗಿಯಿತು. ಉಗುರಿನಿಂದ ಗೀರಿದರೂ ಗುರುತು ಬೀಳಲಿಲ್ಲ. ಉಷ್ಣದಿಂದಲೇ ಇದಾಯಿತೆಂದು ಅವಳು ತಿಳಿದಳು. ನಿಜದಲ್ಲಿ ಒಂದೇ ಸಲ ಎರಡು ಸಂಗತಿಗಳು ಬದಲಾಗಿದ್ದವು. ಅವಳಿಗೆ ಗೊತ್ತಿದ್ದುದು ಒಂದು ಮಾತ್ರ.

ಎರಡನೆಯ ಡಬ್ಬಿಯನ್ನು ಅವಳು ಪರೀಕ್ಷಿಸಲಿಲ್ಲ. ಅದೇ ಗಾಣ, ಅದೇ ಕಾಕಾ. ಅವನ ಎಣ್ಣೆಯನ್ನು ಮತ್ತೆ ಪರೀಕ್ಷಿಸುವುದೆಂದರೆ ಅವ್ವ ಬಡಿಸಿದ ರೊಟ್ಟಿಯನ್ನು ತಿರುಗಿಸಿ ನೋಡಿದಂತೆ.

ಪಟ್ಟಣದ ಪ್ರಯೋಗಾಲಯದಿಂದ ಮೊನೊಮರಿನ ರೋಹಿತ, ಅಂದರೆ ಅದರಲ್ಲಿ ಏನೇನಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ನಕ್ಷೆ, ಬಂದಾಗ ದೊಡ್ಡ ಶಿಖರವೊಂದರ ಪಕ್ಕ ಸಣ್ಣ ಶಿಖರವಿತ್ತು. ಇದೇನೆಂದು ತಿಳಿಯುವವರೆಗೆ ತಡೆಯೋಣ ಎಂದು ಅವಳು ಗುರುಪಾದ ಸರ್ ಅವರನ್ನು ಕೇಳಿಕೊಂಡಳು. ಮರದ ಗಾಣದ ಎಣ್ಣೆಯಲ್ಲಿ ಇಷ್ಟು ಕಸ ಇದ್ದದ್ದೇ, ತಡ ಮಾಡಿದರೆ ಬೇರೆಯವರು ಪ್ರಕಟಿಸುತ್ತಾರೆ ಎಂದರು ಅವರು. ತೇರ್ಗಡೆಯಾದ ವಿದ್ಯಾರ್ಥಿಯ ಬೆನ್ನು ತಟ್ಟುವಂತೆ ತಟ್ಟಿದರು. ಲೇಖನ ಹೋಯಿತು, ಅಚ್ಚಾಯಿತು. ಮೊದಲ ಹೆಸರು ಇಷ್ರತಳದು, ಕೊನೆಯದು ಗುರುಪಾದರದು. ಪ್ರಬಂಧ ಸಲ್ಲಿಸಲು ಬೇಕಾಗಿದ್ದ ಏಕೈಕ ಪ್ರಕಟಣೆ ಅದು. ಡಾಕ್ಟರೇಟಿನ ಹಿಂದೆ ಕಾಯಂ ನೌಕರಿಯ ಆಸೆಯೂ ನಿಂತಿತ್ತು.

ಮುಂದಿನ ವರ್ಷ ಪುಣೆಯ ಒಬ್ಬ ಸಂಶೋಧಕಿಯಿಂದ ಇ-ಮೇಲ್ ಬಂತು. ಭಾಳ ಸೌಜನ್ಯದಿಂದ ಬರೆದಿದ್ದರು. ನಿಮ್ಮ ವಿಧಾನವನ್ನು ಅಕ್ಷರಶಃ ಅನುಸರಿಸಿದೆವು, ಲೇಪ ಅಂಟುತ್ತದೆ, ನಾವೆಲ್ಲಿ ತಪ್ಪುತ್ತಿದ್ದೇವೆ?

ಇಷ್ರತ ಪೇಟೆಯ ಕುಸುಬಿ ಎಣ್ಣೆಯಿಂದ ಮಾಡಿ ನೋಡಿದಳು. ಅಂಟಿತು. ದ್ಯಾಮಪ್ಪನ ಗಾಣದ ಹೊಸ ಎಣ್ಣೆಯಿಂದ ಮಾಡಿದಳು. ಅದೂ ಅಂಟಿತು. ಕೊನೆಗೆ ಕಪಾಟಿನಿಂದ ಎರಡನೆಯ ಡಬ್ಬಿಯ ಸೀಸೆ ತೆಗೆದಳು. ಲೇಪ ಗಾಜಿನಂತೆ ಬಿಗಿಯಿತು. ಆ ಸೀಸೆಯ ಅಯೋಡಿನ್ ಮೌಲ್ಯ ನೂರಾ ಐವತ್ತೇಳು. ಎರಡು ಸಲವಲ್ಲ, ನಾಲ್ಕು ಸಲ ಓದಿದಳು. ಕುಸುಬಿಗೆ ಅಷ್ಟು ಕೈಗಳಿಲ್ಲ. ನಮ್ಮ ಸೀಮೆಯಲ್ಲಿ ಬೆಳೆಯುವ ಎಣ್ಣೆಕಾಳುಗಳಲ್ಲಿ ಮೂರು ಕೈಯ ಎಳೆಗಳು ಅಷ್ಟೊಂದು ಇರುವುದು ಅಗಸೆಗೆ ಮಾತ್ರ. ಸಣ್ಣ ಶಿಖರವೂ ಅದರದೇ.

ನರೇಗಲ್ಲಿಗೆ ಹೋದವಳು ಚಹಾ ಬೇಡವೆಂದಳು. ಆ ಎರಡನೆಯ ಡಬ್ಬಿಗೆ ಅಗಸೆ ಎಣ್ಣೆ ಹಾಕಿದ್ದೆಯಾ ಎಂದು ನೇರವಾಗಿ ಕೇಳಿದಳು. ದ್ಯಾಮಪ್ಪ ನೆನಪಿಸಿಕೊಳ್ಳಲು ತಡಮಾಡಲೂ ಇಲ್ಲ, ಮುಚ್ಚಿಡಲೂ ಇಲ್ಲ.

"ಹೂಂ. ಆ ವರ್ಸ ಮಂದಿ ಎಲ್ಲಾ ಕಡ್ಲಿ ಬಿತ್ತಿದ್ರು, ಕುಸುಬಿ ಎಲ್ಲಿ ಬರಬೇಕು? ಡಬ್ಬಿ ಮೂರರಾಗ ಒಂದ ಪಾಲ ಕಡಿಮಿ ಬಿತ್ತು. ಬಾಜೂಕ ಅಗಸಿ ಎಣ್ಣಿ ಇತ್ತು, ನಮ್ಮ ಗಾಣದ್ದ, ಚೊಕ್ಕ. ಕಂಠಮಟ ತುಂಬಿಸಿ ಕೊಟ್ಟೆ."

"ನನಗ ಹೇಳಬೇಕಿತ್ತಲ್ಲ, ಕಾಕಾ."

"ಹೇಳೂದೇನವ್ವಾ? ಮನಿ ಮಗಳ ಕೈಯಾಗ ತುಂಬದ ಕೊರಿ ಡಬ್ಬಿ ಕೊಟ್ಟು ಹೊಸ್ತಿಲಾ ದಾಟಸ್ತಾರೇನು? ನಮ್ಮ ಮನಿತನದಾಗ ಅದು ನಡದಿಲ್ಲ. ಬ್ಯಾರೆ ಗಿರಾಕಿ ಆಗಿದ್ರ ಇಷ್ಟ ಐತಿ ಒಯ್ಯಿ ಅಂತಿದ್ದೆ."

ಹೊರಗಿನವಳೆಂದು ಬಗೆದಿದ್ದರೆ ಅವಳಿಗೆ ಶುದ್ಧ ಎಣ್ಣೆ ಸಿಗುತ್ತಿತ್ತು. ಇಷ್ರತ ಬೈಯಲೆಂದೇ ಬಂದಿದ್ದಳು. ಮೋಸ ಮಾಡಿದವನು ಕಣ್ಣು ತಪ್ಪಿಸಬೇಕು. ಇವನು ಅಕ್ಕರೆಯಿಂದ ನೋಡುತ್ತಿದ್ದ. ಅದರಿಂದ ನಿನಗೆ ಚಲೋನೇ ಆಯಿತಲ್ಲ ಎಂದು ಗೋಡೆಯ ಹಾಳೆಯ ಕಡೆ ಗದ್ದ ಎತ್ತಿ ತೋರಿಸಿದ.

ಅಲ್ಲಿಂದ ನರಗುಂದಕ್ಕೆ ಹೋದಳು. ಗುರುಪಾದ ಸರ್ ಬಾಗಿಲು ಹಾಕಿ ಕೂತು ಕೇಳಿದರು. ಸುಮ್ಮನಿದ್ದುಬಿಡು ಎಂಬುದು ಅವರ ಮೊದಲ ಸಲಹೆ. ಪುಣೆಯವರ ಎಣ್ಣೆಯೇ ಸರಿ ಇಲ್ಲವೆಂದು ಬರೆ, ಯಾರು ಬಂದು ಕೇಳುತ್ತಾರೆ? ಆಗುವುದಿಲ್ಲ ಎಂದಳು. ಕುಸುಬಿ ಎಂದು ಬರೆದಿದ್ದೇವೆ, ಅದು ಕುಸುಬಿಯಲ್ಲ. ಅವರು ದನಿ ತಗ್ಗಿಸಿ ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಅಗಸೆ ಎಷ್ಟು ಪಾಲು? ಮೂರು ಕೈಯ ಎಳೆ ಎಷ್ಟಿದ್ದರೆ ಬಿಗಿಯುತ್ತದೆ? ಕಡಿಮೆ ಉಷ್ಣದಲ್ಲೂ ಬಿಗಿಯುತ್ತದೆಯೇ? ಅದನ್ನೂ ನೋಡಿದ್ದಳು. ಬಿಗಿಯುತ್ತಿತ್ತು. ಎಷ್ಟೋ ದಿನಗಳ ಮೇಲೆ ಅವರು ವಿಜ್ಞಾನಿಯಂತೆ ಮಾತಾಡುತ್ತಿದ್ದಾರೆಂದು ಅವಳಿಗೆ ಹಿಗ್ಗಾಯಿತು. ತಿಳಿದದ್ದನ್ನೆಲ್ಲ ಹೇಳಿದಳು. ಖಾತ್ರಿ ಮಾಡಿಕೊಳ್ಳಲಿ ಎಂದು ಸೀಸೆಯಲ್ಲಿ ಉಳಿದ ಎಣ್ಣೆಯ ಅರ್ಧವನ್ನೂ ಕೊಟ್ಟು ಬಂದಳು.

ಮನೆಯಲ್ಲಿ ಅಪ್ಪ ಮಗ್ಗದ ಕುಣಿಯಲ್ಲಿ ಕೂತೇ ಎಲ್ಲ ಕೇಳಿದ. ಕೈ ನಿಲ್ಲಲಿಲ್ಲ.

"ಕಡದ ಎಳಿ ಗಂಜಿ ಹಾಕಿ ಮುಚ್ಚಬಹುದು, ಬೇಟಾ. ಮೊದಲನೇ ಒಗತಕ್ಕ ಹೊರಗ ಬೀಳ್ತೈತಿ. ಬರದುಬಿಡು." ಆಮೇಲೆ ಲಾಳಿಯನ್ನು ಕೆಳಗಿಟ್ಟ. "ಆದರ ದ್ಯಾಮಣ್ಣನ ಮನಿ ಹೊಸ್ತಿಲಾ ಇನ್ನ ನಿನಗ ಎತ್ತರ ಆಗ್ತೈತಿ ನೋಡು."

ಪುಣೆಯವರಿಗೂ ಪತ್ರಿಕೆಗೂ ಬರೆದಳು. ಎಣ್ಣೆಯಲ್ಲಿ ಅಗಸೆ ಬೆರೆತಿತ್ತು, ಪ್ರತಿ ಡಬ್ಬಿಯನ್ನೂ ಪರೀಕ್ಷಿಸದೆ ಬಳಸಿದ್ದು ಲೇಖಕರ ತಪ್ಪು, ಲೇಖನವನ್ನು ಹಿಂತೆಗೆದುಕೊಳ್ಳುತ್ತೇವೆ. 'ಲೇಖಕರ' ಎಂದು ಅವಳು ಬರೆದದ್ದನ್ನು ಗುರುಪಾದ ಸರ್ ಒಪ್ಪಲಿಲ್ಲ. ಎಣ್ಣೆ ತಂದದ್ದು, ಪರೀಕ್ಷಿಸಿದ್ದು, ರೋಹಿತ ಓದಿದ್ದು ಎಲ್ಲ ವಿದ್ಯಾರ್ಥಿನಿಯೇ, ಸಣ್ಣ ಶಿಖರದ ವಿಷಯ ತಮ್ಮ ಗಮನಕ್ಕೆ ಬಂದಿರಲಿಲ್ಲ ಎಂದು ಪತ್ರಿಕೆಗೆ ಬೇರೆಯಾಗಿ ಬರೆದರು. ಹಿಂತೆಗೆತದ ಪ್ರಕಟಣೆ ಅವರ ಮಾತಿನಂತೆಯೇ ಅಚ್ಚಾಯಿತು. ಪ್ರಬಂಧ ನಿಂತಿತು. ಬೆನ್ನು ತಟ್ಟಿದ ಕೈಯೇ ಬೆರಳು ಮಾಡಿ ತೋರಿಸಿತ್ತು.

ದ್ಯಾಮಪ್ಪನಿಗೆ ಬೇರೆಯವರಿಂದ ತಿಳಿಯುವುದು ಬೇಡವೆಂದು ತಾನೇ ಹೋಗಿ ಹೇಳಿದಳು. ಗಾಣದ ಮೋಟಾರು ನಿಲ್ಲಿಸಿ ಕೇಳಿದ.

"ಹಂಗಾರ ನಾನು ಕಲಬೆರಕಿ ಮಾಡಿದೆ ಅಂತ ಬರದಿ."

"ನಿನ್ನ ಹೆಸರು ಬರದಿಲ್ಲ, ಕಾಕಾ."

"ಹೆಸರು ಗ್ವಾಡಿ ಮ್ಯಾಲ ಐತಲ್ಲ."

ಸ್ಟೂಲು ಹತ್ತಿ ಕಟ್ಟನ್ನು ತಾನೇ ಇಳಿಸಿದ. ಧೋತರದ ಚುಂಗಿನಿಂದ ಗಾಜಿನ ಧೂಳು ಒರೆಸಿ ಅವಳ ಕೈಗೆ ಕೊಟ್ಟ. ಅದರಲ್ಲಿ ಸಿಟ್ಟಿರಲಿಲ್ಲ. ತಪ್ಪಿ ಬಂದ ಟಪಾಲನ್ನು ಹಿಂದಿರುಗಿಸುವವನ ಹಾಗಿತ್ತು. ಅಗಸೆ ವಿಷವಲ್ಲ, ನೀನು ಮೋಸಗಾರನಲ್ಲ, ವಿಜ್ಞಾನಕ್ಕೆ ಮಾತ್ರ ಅದು ಬೇರೆ ಎಂದು ಇಷ್ರತ ಏನೇನೋ ವಿವರಿಸಿದಳು. ಅವನು ತಲೆಯಾಡಿಸುತ್ತ ಮೋಟಾರು ಹಾಕಿದ.

ಸುಗ್ಗಿಯ ಹೊತ್ತಿಗೆ, ರೋಣದ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಅವಳು ಹೊಸ ಲೇಖನವೊಂದನ್ನು ಓದಿದಳು. ಹಿಂದಿನದಕ್ಕಿಂತ ಹೆಸರಾದ ಪತ್ರಿಕೆ. ಕುಸುಬಿ ಮತ್ತು ಅಗಸೆ ಎಣ್ಣೆಗಳ ಮಿಶ್ರ ಮೊನೊಮರ್, ಅಗಸೆ ಮೂರರಲ್ಲಿ ಒಂದು ಪಾಲು, ಕಡಿಮೆ ಉಷ್ಣದಲ್ಲಿ ಬಿಗಿಯುವ ಲೇಪ. ಎರಡು ಕೈ, ಮೂರು ಕೈಗಳ ಹೊಂದಾಣಿಕೆಯಿಂದ ಪಾಲಿಮರನ್ನು ಬೇಕಾದಂತೆ ವಿನ್ಯಾಸ ಮಾಡುವ ಬಗೆ. ಲೇಖಕರು ಗುರುಪಾದ ಸರ್ ಮತ್ತು ಅವರ ಹೊಸ ವಿದ್ಯಾರ್ಥಿನಿ ಶ್ವೇತಾ. ಇಷ್ರತ ಅದನ್ನು ಎರಡು ಸಲ ಓದಿದಳು. ತಪ್ಪು ಒಂದೂ ಇರಲಿಲ್ಲ. ಕೃತಜ್ಞತೆಯ ಸಾಲಿನಲ್ಲಿ ಉಪಕರಣಗಳ ಹೆಸರುಗಳು ಮಾತ್ರ ಇದ್ದವು.

ಫೋನು ಮಾಡಿದಳು. ಅವರು ಎತ್ತಿದರು, ದನಿಯಲ್ಲಿ ಅಳುಕಿರಲಿಲ್ಲ.

"ಸರ್, ಅದು ನಂದು."

"ಯಾವುದು ನಿಂದು, ಇಷ್ರತ? ಅದು ತಪ್ಪು ಅಂತ ನೀನ ಬರದು ಕೊಟ್ಟಿ. ತಪ್ಪಿಗೆ ಯಾರರ ಮಾಲಕರು ಇರ್ತಾರೇನು?"

ಆದರೂ ಕೆಲಸ ಬಿಡುವ ಯೋಚನೆ ಅವಳಿಗೆ ಬರಲಿಲ್ಲ. ಬೇರೆ ಊರಿನ ಒಬ್ಬ ಮಾರ್ಗದರ್ಶಕರು ಹೊಸದಾಗಿ ಸೇರಿಸಿಕೊಳ್ಳಲು ಒಪ್ಪಿದರು. ಬುಡದಿಂದ ಶುರು ಮಾಡಬೇಕಿತ್ತು: ಶುದ್ಧ ಕುಸುಬಿಯ ಲೇಪ ಯಾಕೆ ಅಂಟುತ್ತದೆ, ಅಗಸೆಯಿಲ್ಲದೆ ಅದನ್ನು ಬಿಗಿಯಿಸಲು ಏನು ಬೇಕು. ಅದಕ್ಕೆ ಖರೇ ಕುಸುಬಿ ಎಣ್ಣೆ ಬೇಕಾಗಿತ್ತು. ಪೇಟೆಯಲ್ಲಿ ಸಿಗುತ್ತಿತ್ತು. ಅವಳು ನರೇಗಲ್ಲಿಗೇ ಹೋದಳು.

ಗಾಣದಲ್ಲಿ ಇಬ್ಬರು ಗಿರಾಕಿಗಳಿದ್ದರು. ತನ್ನ ಸರದಿ ಬರುವವರೆಗೆ ನಿಂತಳು. ಹಿಂದೆಂದೂ ಸರದಿಯಲ್ಲಿ ನಿಂತಿರಲಿಲ್ಲ. ಗೋಡೆಯ ಮೇಲೆ ಕಟ್ಟು ಇದ್ದ ಜಾಗ ಉಳಿದ ಸುಣ್ಣಕ್ಕಿಂತ ಬೆಳ್ಳಗಿತ್ತು. ಒಳಮನೆಯಲ್ಲಿ ಕಲ್ಲವ್ವನ ಬಳೆಯ ಸದ್ದು ಕೇಳಿಸಿತು, ಕಲ್ಲವ್ವ ಹೊರಗೆ ಬರಲಿಲ್ಲ.

ದ್ಯಾಮಪ್ಪ ಡಬ್ಬಿ ತೆಗೆದುಕೊಂಡು ಕುಸುಬಿಯ ಪಾತ್ರೆಯಿಂದ ಎಣ್ಣೆ ಹೊಯ್ದ. ಎಣ್ಣೆ ಡಬ್ಬಿಯ ಹೆಗಲು ಮುಟ್ಟುವ ಮೊದಲೇ ಪಾತ್ರೆ ಬರಿದಾಯಿತು. ಬಗ್ಗಿಸಿ, ಕೊನೆಯ ಹನಿ ಇಳಿಯುವವರೆಗೂ ಹಿಡಿದ. ಪಕ್ಕದಲ್ಲಿ ಅಗಸೆ ಎಣ್ಣೆಯ ಪಾತ್ರೆ ಇತ್ತು, ಶೇಂಗಾದ್ದೂ ಇತ್ತು. ಅವನ ಕೈ ಅತ್ತ ಹೋಗಲಿಲ್ಲ. ಮುಚ್ಚಳ ಬಿಗಿದು ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟ.

"ಕುಸುಬಿದು ಇಷ್ಟ ಐತ್ರಿ. ಬೇಕಾದ್ರ ನೋಡಿ ಒಯ್ರಿ, ಮೇಡಮ್ಮರ."

ಅವಳು ಡಬ್ಬಿ ಎತ್ತಿಕೊಂಡಳು. ರೋಣದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಅಬ್ಬಿಗೇರಿ ದಾಟಿ ರಸ್ತೆ ಕೆಡುತ್ತಿದ್ದಂತೆ ಒಳಗೆ ಎಣ್ಣೆ ಆಚೆ ಈಚೆ ಬಡಿಯತೊಡಗಿತು. ಇಷ್ಟು ವರ್ಷ ಆ ಗಾಣದಿಂದ ಡಬ್ಬಿ ಹೊತ್ತು ಇದೇ ಹಾದಿಯಲ್ಲಿ ಹೋದವಳಿಗೆ ಆ ಸದ್ದು ಹೊಸದು. ಎರಡೂ ಕೈಯಿಂದ ಅವುಚಿ ಹಿಡಿದಳು. ರೋಣ ಮುಟ್ಟುವವರೆಗೂ ಅದು ತುಳುಕುತ್ತಲೇ ಇತ್ತು.