ಇಬ್ಬನಿ ಬಿದ್ದರೆ ಬಖೀತ್‌ಗೆ ಕೆಲಸ

ಬೆಳಗಿನ ಜಾವ ನಾಲ್ಕೂವರೆ. ಬಖೀತ್ ಬಿನ್ ಲುವೈತಿ ಸೌರಫಲಕದ ಮೇಲೆ ತೋರುಬೆರಳಿನಿಂದ ಒಂದು ಗೆರೆ ಎಳೆಯುತ್ತಾರೆ. ಗೆರೆಯ ತುದಿಯಲ್ಲಿ ಹನಿಯೊಂದು ದಪ್ಪಗಾಗಿ, ಜಾರಿ, ನೆಲಕ್ಕೆ ಬೀಳುತ್ತದೆ. ಅವರು ಕಾಯುತ್ತಿದ್ದದ್ದು ಅದಕ್ಕೇ.

"ಏಳ್ರಪ್ಪಾ! ಆಕಾಶ ನೀರು ಕೊಟ್ಟಿದೆ. ಸೂರ್ಯ ಬಂದು ಕುಡಿಯೋಕೆ ಮುಂಚೆ ಮುಗಿಸ್ಬೇಕು."

ಹನ್ನೊಂದು ಜನ ಮೆತ್ತನೆಯ ಹತ್ತಿಬಟ್ಟೆ ಹಿಡಿದು ಸಾಲುಗಳ ನಡುವೆ ಹರಡಿಕೊಳ್ಳುತ್ತಾರೆ. ಮೇಲಿನಿಂದ ಕೆಳಕ್ಕೆ ಒಂದೇ ಸವರು. ಧೂಳೆಲ್ಲ ಕೆಸರಾಗಿ ಇಳಿಯುತ್ತದೆ.

"ನಿಧಾನ, ಸಾಲಿಂ! ಮಗುವಿನ ಮುಖ ಅನ್ಕೊಂಡು ಒರೆಸು."

"ನಮ್ಮನೆ ಮಗು ಮುಖ ಒರೆಸೋಕೆ ಹೋದ್ರೆ ಕಚ್ಚುತ್ತೆ, ಚಿಕ್ಕಪ್ಪ. ಇದೇ ವಾಸಿ!"

ಒಮಾನಿನ ಜಿದ್ದತ್ ಅಲ್ ಹರಾಸೀಸ್ ಬಯಲಿನಲ್ಲಿ ಬಾವಿಯಿಲ್ಲ, ಹೊಳೆಯಿಲ್ಲ. ಸಮುದ್ರದ ಕಡೆಯಿಂದ ಬರುವ ತೇವದ ಗಾಳಿಯೊಂದಿದೆ. ಬಖೀತ್‌ರ ತಾಯಿ ಆಡಿನ ಕೂದಲಿನ ಕಂಬಳಿಯನ್ನು ಮರಕ್ಕೆ ಹೊದಿಸಿ, ಬೆಳಗ್ಗೆ ಹಿಂಡಿ, ಮಕ್ಕಳಿಗೆ ಕುಡಿಸುತ್ತಿದ್ದರು. ತೆರೆದ ಆಕಾಶದ ಕೆಳಗೆ ಗಾಜು ಗಾಳಿಗಿಂತ ಬೇಗ ತಣ್ಣಗಾಗುತ್ತದೆ, ಆದ್ದರಿಂದ ಮರಕ್ಕಿಂತ ಫಲಕದ ಮೇಲೆ ಇಬ್ಬನಿ ಹೆಚ್ಚು. ಇದನ್ನು ಬಖೀತ್ ಯಾವ ಪುಸ್ತಕದಲ್ಲೂ ಓದಲಿಲ್ಲ. ತಮ್ಮ ಗಾಡಿಯ ಗಾಜು ನೋಡಿ ತಿಳಿದರು.

ಆ ಗಾಡಿ ನೀರಿನ ಟ್ಯಾಂಕರ್. ಇಪ್ಪತ್ತೆರಡು ವರ್ಷ ತೈಲಬಾವಿಯ ಶಿಬಿರಕ್ಕೆ ನೀರು ಹೊತ್ತರು. ತೈಲ ಬತ್ತುತ್ತ ಬಂದು ಶಿಬಿರ ಕರಗಿತು. ಪಕ್ಕದಲ್ಲೇ ಫಲಕಗಳು ಎದ್ದಾಗ, ಅವನ್ನು ತೊಳೆಯಲು ಅದೇ ಟ್ಯಾಂಕರಿನಲ್ಲಿ ನೂರ ನಲವತ್ತು ಕಿಲೋಮೀಟರ್ ದೂರದಿಂದ ನೀರು ತಂದರು. "ಎಣ್ಣೆ ಬಿಡ್ಬೇಕು ಅಂತ ಬಿಸಿಲು ಹಿಡಿಯೋದು, ಆ ಬಿಸಿಲಿನ ಮುಖ ತೊಳೆಯೋಕೆ ಎಣ್ಣೆ ಸುಡೋದು. ನನ್ನ ಒಂಟೆಗೆ ಹೇಳಿದ್ರೂ ನಗುತ್ತೆ," ಎನ್ನುತ್ತಾರೆ.

ಇಲ್ಲಿನ ವಿದ್ಯುತ್ತು ಕರಾವಳಿಯ ಅಮೋನಿಯಾ ಕಾರ್ಖಾನೆಗೆ ಹೋಗಬೇಕು. ಅಲ್ಲಿಂದ ಅಮೋನಿಯಾ ಹಡಗೇರಿ ಹೊರದೇಶಕ್ಕೆ. ಆದರೆ ಪಕ್ಕದ ದೇಶದವರ ವಿದ್ಯುತ್ತು ಯೂನಿಟ್ಟಿಗೆ ಒಂದು ಬೈಸಾ, ಅಂದರೆ ರಿಯಾಲಿನ ಸಾವಿರದಲ್ಲೊಂದು ಪಾಲು, ಅಗ್ಗ. "ಸೂರ್ಯ ಅವರಿಗೂ ಅವನೇ, ನಮಗೂ ಅವನೇ. ಅವರ ಅಂಗಡೀಲಿ ಮಾತ್ರ ರಿಯಾಯ್ತಿ!" ಎಂದು ಬಖೀತ್ ನಗುತ್ತಾರೆ. ಹಾಗಾಗಿ ಖರ್ಚು ಇಳಿಸಲೆಂದು ಸ್ಥಾವರದ ಎಂಜಿನಿಯರ್, ನಿಜ್ವಾ ಊರಿನ ಯುವತಿ ರಾಯಾ, ಮೂವತ್ತು ದಿನದ ಪಂದ್ಯ ಕಟ್ಟಿದರು. ಅರ್ಧ ಸಾಲುಗಳು ಟ್ಯಾಂಕರ್ ನೀರಿಗೆ, ಅರ್ಧ ಇಬ್ಬನಿಯಲ್ಲೇ ಒರೆಸುತ್ತೇವೆಂದ ಬಖೀತ್‌ರ ತಂಡಕ್ಕೆ. ಸೋತರೆ ಹನ್ನೊಂದು ಜನರೂ ಮನೆಗೆ. ಇಂದು ಮೂವತ್ತನೆಯ ದಿನ.

ಮೂರನೆಯ ದಿನವೇ ಎಡವಟ್ಟಾಗಿತ್ತು. ಅಂದು ಬಖೀತ್ ಹುರುಪಿನಿಂದ ತಾಯಿಯ ಕಂಬಳಿಯನ್ನೇ ತಂದು ಏಳನೇ ಸಾಲು ಒರೆಸಿದರು. ಬಿಸಿಲೇರಿದಾಗ ಗಾಜಿನುದ್ದಕ್ಕೂ ಕೂದಲೆಳೆಯಂಥ ಗೀರು. ಕಂಬಳಿಯೊಳಗೆ ಸಿಕ್ಕಿಕೊಂಡಿದ್ದ ಮರಳು ಉಜ್ಜಿತ್ತು. ಯಾರೂ ನೋಡಿರಲಿಲ್ಲ. ಅವರೇ ರಾಯಾ ಬಳಿ ಹೋದರು.

"ಮಗಳೇ, ಏಳನೇ ಸಾಲು ಕೆಡಿಸಿದೆ. ನಮ್ಮಮ್ಮ ಕಂಬಳೀನ ಹೊದಿಸ್ತಿದ್ರು, ಹಿಂಡ್ತಿದ್ರು. ಒಂದಿನಾನೂ ಉಜ್ಜಿರ್ಲಿಲ್ಲ. ನಾನು ಅರ್ಧ ಕಲಿತಿದ್ದೆ."

ರಾಯಾ ಗೀರುಗಳನ್ನು ಬೆರಳಿನಿಂದ ಸವರಿ ನೋಡಿದರು. "ಆ ಸಾಲು ಬಿಟ್ಟು ಲೆಕ್ಕ ಹಾಕೋಣ, ಚಿಕ್ಕಪ್ಪ."

"ಒಂಟೆ ಕುಂಟಾದ್ರೆ ಮಂದೆ ಎಣಿಸುವಾಗ ಬಿಟ್ಬಿಡ್ತೀವಾ? ಸೇರಿಸು."

ಅಂದಿನಿಂದ ಹತ್ತಿಬಟ್ಟೆ. ಇನ್ನೊಂದು ಕಟ್ಟುನಿಟ್ಟು: ಹನಿ ಬೀಳದ ಬೆಳಗು ಫಲಕ ಮುಟ್ಟುವಂತಿಲ್ಲ, ಒಣ ಧೂಳು ಉಜ್ಜಿದರೂ ಗೀರು ಬೀಳುತ್ತದೆ. ಮೂವತ್ತರಲ್ಲಿ ಹತ್ತೊಂಬತ್ತು ದಿನ ಇಬ್ಬನಿ ಬಿತ್ತು. ಉಳಿದ ಹನ್ನೊಂದು ದಿನ ಧೂಳು ನೋಡುತ್ತ ಕೈಕಟ್ಟಿ ಕೂತರು. "ಒರೆಸೋದು ಸುಲಭ. ಒರೆಸದೆ ಕೂರೋದೇ ಕಷ್ಟ," ಎನ್ನುತ್ತಾರೆ ಬಖೀತ್. ಮನೆಯಲ್ಲಿ ಹೆಂಡತಿ ಗಬೈಶಾ ಚುಚ್ಚುತ್ತಿದ್ದರಂತೆ: "ಏನು, ಸುಹೈಲನ ಅಪ್ಪ, ಇವತ್ತೂ ಆಕಾಶ ರಜ ಕೊಡ್ತಾ?"

ಹತ್ತು ಗಂಟೆಗೆ ಖರ್ಜೂರ, ಕಾಫಿಯ ಹೂಜಿ ಸುತ್ತ ಎಲ್ಲರೂ ಕೂತಿರುವಾಗ ರಾಯಾ ಕಾಗದ ಹಿಡಿದು ಬರುತ್ತಾರೆ. ಯಾರೂ ಲೋಟ ಎತ್ತುವುದಿಲ್ಲ.

"ವಿದ್ಯುತ್ತು ನಿಮ್ಮ ಕಡೆ ಕಮ್ಮಿ. ನೂರಕ್ಕೆ ಒಂದೂವರೆ. ಏಳನೇ ಸಾಲೂ ಅದ್ರಲ್ಲಿದೆ."

ಸಾಲಿಂ ತಲೆ ತಗ್ಗಿಸುತ್ತಾನೆ.

"ಆದ್ರೆ ಟ್ಯಾಂಕರ್ ಸುಟ್ಟ ಡೀಸೆಲ್ಲು, ತಂದ ನೀರು, ಎಲ್ಲ ಸೇರಿಸಿದ್ರೆ ನಿಮ್ಮ ಯೂನಿಟ್ಟೇ ಅಗ್ಗ. ಪಕ್ಕದ ದೇಶಕ್ಕಿಂತ ನಮ್ಮದು ಒಂದು ಬೈಸಾ ಹೆಚ್ಚಿತ್ತಲ್ಲ, ಅದ್ರಲ್ಲಿ ಅರ್ಧ ನೀವೇ ಇಳಿಸಿದ್ದೀರಿ. ವರ್ಷದ ಕರಾರು ನಿಮ್ಮದು."

ಗದ್ದಲ ಅಡಗುವಷ್ಟರಲ್ಲಿ ಕಾಫಿ ಆರಿದೆ. ಬಖೀತ್ ಅದನ್ನೇ ಕುಡಿಯುತ್ತಾರೆ. ಸ್ಥಾವರದವರು ಏಳನೇ ಸಾಲಿಗೆ ಹೊಸ ಫಲಕ ಹಾಕಿಸುತ್ತಾರಂತೆ, ಮತ್ತೇನು ಬೇಕು ಎಂದು ರಾಯಾ ಕೇಳುತ್ತಾರೆ.

"ಬೇಡ ಮಗಳೇ, ಅದು ಹಾಗೇ ಇರ್ಲಿ. ನಾಳೆ ಹೊಸಬರು ಬರ್ತಾರೆ. ಬಟ್ಟೆ ಕೈಗೆ ಕೊಡೋ ಮುಂಚೆ ನಾನವರನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಕು."